ಹೋಟೆಲಿನ ಅಡಿಗೆಮನೆಗೆ ಡೆಕ್ ಓವನ್ನನ್ನು ಆರಿಸುವ ಕ್ರಮ

ರಾಗಿಯನ್ನು ಬೆಳೆದು, ಒಕ್ಕಿ, ತೂರಿ, ಕಾಳಾಗಿಯೇ ಮಂಡಿಗೆ ಹಾಕುವ ಜಮೀನುದಾರನಿಗೆ ದೊರೆಯತಕ್ಕ ಹಣಕ್ಕೂ, ಅದೇ ರಾಗಿಯು ಹಿಟ್ಟಾಗಿ, ಬನ್ನಾಗಿ, ಬಿಸ್ಕತ್ತಾಗಿ ಪಟ್ಟಣವಾಸಿಯ ಕೈ ಸೇರುವಾಗ ತರುವ ಹಣಕ್ಕೂ ಬಹಳ ಅಂತರವುಂಟೆಂಬುದನ್ನು ಗ್ರಾಮದ ಯಜಮಾನರಿಗೆ ಬೇರೆಯಾಗಿ ತಿಳಿಸಬೇಕಾದುದಿಲ್ಲ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ರಾಗಿಯ ತಿಂಡಿಗಳಿಗೆ ಪಟ್ಟಣಗಳಲ್ಲಿ ಹೊಸ ಗೌರವವು ಬಂದಿದೆ. ಆದಕಾರಣ, ಜಮೀನನ್ನು ಉಳಿಸಿಕೊಂಡು, ಮಕ್ಕಳಲ್ಲಿ ಒಬ್ಬನಿಗೆ ಪಟ್ಟಣದಲ್ಲಿ ಒಂದು ಸಣ್ಣ ಹೋಟೆಲನ್ನು ಇಟ್ಟುಕೊಟ್ಟು, ಮನೆಯ ಬೆಳೆಯನ್ನು ಅಲ್ಲಿಯೇ ಬೇಯಿಸಿ ಮಾರಬಾರದೇಕೆ ಎಂಬ ಯೋಚನೆಯು ಬೆಳೆಗಾರರ ಮನೆಗಳಲ್ಲಿ ಹುಟ್ಟುವುದು ಸಹಜವೇ ಆಗಿದೆ.

ಈ ಯೋಚನೆಯು ನಮ್ಮ ನಾಡಿಗೆ ಹೊಸದೂ ಅಲ್ಲ. ಇಂದು ಕರ್ನಾಟಕದ ಪಟ್ಟಣ ಪಟ್ಟಣಗಳಲ್ಲಿಯೂ ಕಾಣತಕ್ಕ ಅಯ್ಯಂಗಾರ್ ಬೇಕರಿಗಳನ್ನು ಸ್ಥಾಪಿಸಿದವರಲ್ಲಿ ಬಹುಮಂದಿ ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೊರಟವರು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಸೋದರರು ತೆರೆದ ಬಿ.ಬಿ. ಬೇಕರಿಯು ಇವುಗಳಲ್ಲಿ ಮೊದಲಿನದೆಂದು ಪ್ರಸಿದ್ಧವಾಗಿದೆ. ಆ ಕಾಲದ ಬೇಕರಿಗಳ ಬಂಡವಾಳವೆಲ್ಲವೂ ಇಟ್ಟಿಗೆಯಿಂದ ಕಟ್ಟಿದ ಒಂದು ಕಟ್ಟಿಗೆ ಭಟ್ಟಿ ಮತ್ತು ಅದರ ಮುಂದೆ ನಿಂತವನ ಕೈಬಳಕೆ, ಇವೆರಡೇ ಆಗಿದ್ದುವು. ಭಟ್ಟಿಯು ಕೆಟ್ಟರೆ ಊರಿನ ಗಾರೆಯವನೇ ಅದನ್ನು ಸರಿಪಡಿಸುತ್ತಿದ್ದನು. ಈಗಿನ ಸ್ಥಿತಿಯು ಹಾಗಿಲ್ಲ. ಬಂಡವಾಳದ ದೊಡ್ಡ ಭಾಗವು ಒಂದು ಯಂತ್ರಕ್ಕೆ ಹೋಗುವುದು. ಆ ಯಂತ್ರವನ್ನು ಆರಿಸುವುದರಲ್ಲಿ ತಪ್ಪಿದರೆ ಹೊಲದಿಂದ ಬಂದ ಹಣವು ಅಡಿಗೆಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದು.

ವಿಷಯವು ಸ್ಪಷ್ಟವಾಗುವುದಕ್ಕಾಗಿ ಒಂದು ಕಲ್ಪಿತ ಕುಟುಂಬವನ್ನು ತೆಗೆದುಕೊಳ್ಳಬಹುದು. ಹುಣಸೂರಿನ ಕಡೆಯಲ್ಲಿ ಹೊಗೆಸೊಪ್ಪನ್ನೂ ರಾಗಿಯನ್ನೂ ಬೆಳೆಯುವ ಒಬ್ಬ ಜಮೀನುದಾರನು ಮೈಸೂರಿನ ಯಾದವಗಿರಿಯಲ್ಲಿ ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು, ನಲವತ್ತು ಜನರು ಕುಳಿತುಕೊಳ್ಳತಕ್ಕ ಹೋಟೆಲನ್ನು ತೆರೆಯಬೇಕೆಂದಿರುವನು. ಯಾದವಗಿರಿಯು ರೈಲು ನಿಲ್ದಾಣಕ್ಕೆ ಸಮೀಪದಲ್ಲಿದೆ. ಕೃಷ್ಣರಾಜಸಾಗರದ ರಸ್ತೆಯೂ ಅದರ ಮಗ್ಗುಲಲ್ಲಿಯೇ ಹಾಯುತ್ತದೆ. ಆಕಾಶವಾಣಿ, ಶ್ರೀರಾಮಕೃಷ್ಣಾಶ್ರಮ ಮೊದಲಾದುವುಗಳಿರುವ ಬಡಾವಣೆಯಾದುದರಿಂದ ಜನಸಂಚಾರಕ್ಕೆ ಕೊರತೆಯಿಲ್ಲ. ಹೊತ್ತಾರೆ ರಾಗಿಯ ಬನ್ನು, ಸಂಜೆ ಖಾರದ ಪಫ್ಸು ಮತ್ತು ಪಿಜ್ಜಾ, ಇಷ್ಟನ್ನು ಮಾರಬೇಕೆಂದು ಮಗನು ನಿಶ್ಚಯಿಸಿರುವನು. ವ್ಯಾಪಾರಿಯು ಮೂರು ಅಂತಸ್ತಿನ ಥಳಥಳಿಸುವ ಒಲೆಯೊಂದನ್ನು ತೋರಿಸಿ, “ದೊಡ್ಡದನ್ನೇ ಕೊಂಡುಬಿಡಿ, ಮುಂದೆ ಅನುಕೂಲವಾಗುತ್ತದೆ” ಎನ್ನುವನು. ಇಲ್ಲಿ ತಂದೆಯು ಏನನ್ನು ಕೇಳತಕ್ಕದ್ದು, ಏನನ್ನು ನೋಡತಕ್ಕದ್ದು ಎಂಬುದೇ ಈ ಲೇಖನದ ವಿಷಯ.

ಡೆಕ್ ಓವನ್ನೆಂದರೇನು.— ಒಂದರ ಮೇಲೊಂದಾಗಿ ಜೋಡಿಸಿದ, ಗಿಡ್ಡನೆಯ, ಬಾಗಿಲುಳ್ಳ ಗೂಡುಗಳಿಗೆ ಈ ಹೆಸರು. ಪ್ರತಿಯೊಂದು ಗೂಡಿಗೂ ಡೆಕ್ ಅಥವಾ ಅಂತಸ್ತು ಎನ್ನುವರು. ಅಂತಸ್ತಿನ ನೆಲವು ಕಲ್ಲಿನದಾಗಿಯಾಗಲಿ ಉಕ್ಕಿನ ತಗಡಿನದಾಗಿಯಾಗಲಿ ಇರುವುದು. ನೆಲದ ಕೆಳಗೊಂದು ಕಾವು, ಛಾವಣಿಯ ಕೆಳಗೊಂದು ಕಾವು. ಎರಡನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಕೆಳಕಾವು ಕಲ್ಲಿನ ಮೂಲಕ ಹಿಟ್ಟಿಗೆ ನೇರವಾಗಿ ಮುಟ್ಟುವುದು, ಹೆಂಚಿನ ಮೇಲೆ ರೊಟ್ಟಿಯು ಬೇಯುವ ಹಾಗೆ. ಮೇಲ್ಕಾವು ಬಿಸಿಲಿನಂತೆ ಮೇಲಿನಿಂದ ಬಿದ್ದು ಬಣ್ಣವನ್ನು ಕೊಡುವುದು. ಒಳಗಿನ ಗಾಳಿಯು ಬಹುಮಟ್ಟಿಗೆ ನಿಶ್ಚಲವಾಗಿರುವುದು.

ಇದಕ್ಕೆ ಬದಲಾಗಿ, ಬಿಸಿಗಾಳಿಯನ್ನು ಫ್ಯಾನಿನಿಂದ ಬೀಸುವ ಒಲೆಗಳೂ ಉಂಟು. ಬಿಸ್ಕತ್ತು, ರಸ್ಕು ಮುಂತಾದ ಒಣ ಪದಾರ್ಥಗಳನ್ನು ಹೇರಳವಾಗಿ ಮಾಡತಕ್ಕವರಿಗೆ ಅವು ಉತ್ತಮ. ಆದರೆ ಬೀಸುಗಾಳಿಯು ಹಿಟ್ಟಿನ ಮೇಲ್ಮೈಯನ್ನು ಬೇಗ ಒಣಗಿಸುವುದರಿಂದ, ಅಡಿಯು ಚೆನ್ನಾಗಿ ಬೆಂದು ಒಳಗೆ ತೇವವಿರಬೇಕಾದ ಪದಾರ್ಥಗಳಿಗೆ ಡೆಕ್ ಓವನ್ನೇ ಮೇಲು. ಹಳೆಯ ಕಟ್ಟಿಗೆ ಭಟ್ಟಿಯ ಗುಣವೂ ಇದೇ ಜಾತಿಯದು. ಭಟ್ಟಿಯೊಳಗೆ ಸೌದೆಯನ್ನು ಉರಿಸಿ, ಕೆಂಡವನ್ನು ಎಳೆದುಹಾಕಿ, ಇಟ್ಟಿಗೆಯಲ್ಲಿ ತುಂಬಿದ ಕಾವಿನಿಂದಲೇ ಬೇಯಿಸುತ್ತಿದ್ದರು. ಕಾವು ಇಳಿಯುತ್ತ ಹೋದಂತೆ ಮೊದಲು ಬ್ರೆಡ್ಡು ಬನ್ನು, ಆಮೇಲೆ ಕೇಕು ಬಿಸ್ಕತ್ತು, ಕಡೆಗೆ ಇರುಳೆಲ್ಲ ಒಣಗಲು ರಸ್ಕು, ಹೀಗೆ ಸರದಿಯನ್ನು ಇಟ್ಟುಕೊಂಡು ಒಂದು ಸೌದೆಯ ಖರ್ಚಿನಲ್ಲಿ ಮೂರು ಕೆಲಸಗಳನ್ನು ತೆಗೆಯುತ್ತಿದ್ದರು. ಈ ಜಾಣತನವನ್ನು ವಿದ್ಯುತ್ತಿನ ಒಲೆಯವರು ಮರೆತಿರುವುದು ವಿಷಾದಕರ; ಸಂಜೆ ಒಲೆಯನ್ನು ಆರಿಸಿದ ಮೇಲೆ ಅದರ ಕಲ್ಲಿನಲ್ಲಿ ಉಳಿಯುವ ಕಾವಿನಿಂದ ಮರುದಿನದ ರಸ್ಕನ್ನು ಇಂದಿಗೂ ಒಣಗಿಸಬಹುದು.

ಎಷ್ಟು ಅಂತಸ್ತುಗಳು ಬೇಕು.— ಕೊಳ್ಳತಕ್ಕವರು ಮೊದಲು ಕೇಳಬೇಕಾದ ಪ್ರಶ್ನೆಯು ಇದೇ. ಆದರೆ ಬಹುಮಂದಿ ಇದನ್ನು ತಲೆಕೆಳಗಾಗಿ ಕೇಳುವರು. “ದಿನಕ್ಕೆ ಎಷ್ಟು ಬನ್ನು ಬೇಕು” ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಒಲೆಯನ್ನು ಹುಡುಕುವರು. ಹೋಟೆಲಿಗೆ ದಿನದ ಮೊತ್ತವು ಮುಖ್ಯವಲ್ಲ. ಮುಂಚಿತವಾಗಿ ಬೇಯಿಸಿಡಬಹುದಾದ ಪದಾರ್ಥಗಳು ಯಾವುವು, ಗಿರಾಕಿಯು ಕುಳಿತ ಮೇಲೆಯೇ ಬೇಯಿಸಬೇಕಾದುವು ಯಾವುವು ಎಂಬುದನ್ನು ಮೊದಲು ಬೇರ್ಪಡಿಸಬೇಕು. ಎರಡನೆಯ ಗುಂಪಿನ ಪದಾರ್ಥಗಳಿಗೆ ಅತ್ಯಂತ ಗಿರಾಕಿಯಿರುವ ಒಂದು ಗಂಟೆಯಲ್ಲಿ ಎಷ್ಟು ಬೇಡಿಕೆ, ಆ ಗಂಟೆಯಲ್ಲಿ ಎಷ್ಟು ಬಗೆಯ ಕಾವು ಬೇಕು, ಇವೆರಡೇ ಅಂತಸ್ತುಗಳ ಸಂಖ್ಯೆಯನ್ನು ಗೊತ್ತುಮಾಡತಕ್ಕವು.

ಮೇಲೆ ಹೇಳಿದ ಕುಟುಂಬದ ಲೆಕ್ಕವನ್ನೇ ನೋಡಬಹುದು. ಬೇಕರಿಯ ಸಾಮಾನ್ಯ ಟ್ರೇಯು 40 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದವಾಗಿರುವುದು. ಎರಡು ಟ್ರೇ ಹಿಡಿಸುವ ಅಂತಸ್ತೇ ಸಣ್ಣ ಹೋಟೆಲುಗಳಲ್ಲಿ ರೂಢಿಯಾಗಿರುವುದು. 50 ಗ್ರಾಂ ತೂಕದ ಉಂಡೆಗಳನ್ನು ಹತ್ತು ಸೆಂಟಿಮೀಟರಿಗೊಂದರಂತೆ ಇಟ್ಟರೆ ಒಂದು ಟ್ರೇಗೆ 24, ಅಂತಸ್ತಿಗೆ 48 ಬನ್ನುಗಳಾದುವು. ಬೇಯಲು ಹದಿನೈದು ನಿಮಿಷ, ತೆಗೆದು ಹಾಕಲು ಐದು ನಿಮಿಷವೆಂದಿಟ್ಟುಕೊಂಡರೆ ಒಂದೊಂದು ಒಬ್ಬೆಗೆ ಇಪ್ಪತ್ತು ನಿಮಿಷ. ಬೆಳಗ್ಗೆ 240 ಬನ್ನುಗಳು ಬೇಕಾದರೆ ಐದು ಒಬ್ಬೆಗಳು, ಅಂದರೆ ಒಂದು ಗಂಟೆ ನಲವತ್ತು ನಿಮಿಷ. ನಾಲ್ಕೂವರೆಗೆ ಒಲೆಯು ಕಾದು ಸಿದ್ಧವಾಗಿದ್ದರೆ ಆರೂಕಾಲು ಗಂಟೆಯೊಳಗಾಗಿ ಒಂದೇ ಅಂತಸ್ತಿನಲ್ಲಿ ಕೆಲಸವು ಮುಗಿಯುವುದು. ಬನ್ನು ಸ್ವಲ್ಪ ಆರಿದರೂ ಕೆಡುವುದಿಲ್ಲ. ಆದುದರಿಂದ ಬನ್ನಿನ ಸಲುವಾಗಿ ಎರಡನೆಯ ಅಂತಸ್ತು ಅನಾವಶ್ಯಕ.

ಪಿಜ್ಜಾದ ಮಾತು ಬೇರೆ. ಅದನ್ನು ಮುಂಚೆ ಬೇಯಿಸಿಡಲಾಗದು. 85 ಸೆಂಟಿಮೀಟರಿಗೆ 60 ಸೆಂಟಿಮೀಟರ್ ಇರುವ ಕಲ್ಲಿನ ಮೇಲೆ 25 ಸೆಂಟಿಮೀಟರ್ ಅಗಲದ ಪಿಜ್ಜಾಗಳನ್ನು ಮೂರರಂತೆ ಎರಡು ಸಾಲು ಇಡಬಹುದು. 290 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ಏಳು ನಿಮಿಷ ಬೇಯುವುದು, ಮೂರು ನಿಮಿಷ ಕೈಕೆಲಸ. ಗಂಟೆಗೆ ಆರು ಒಬ್ಬೆ, 36 ಪಿಜ್ಜಾ. ಇದು ಕಾಗದದ ಮೇಲಿನ ಲೆಕ್ಕ. ತಣ್ಣನೆಯ ಹಿಟ್ಟು ಬಿದ್ದಾಗಲೆಲ್ಲ ಕಲ್ಲಿನ ಕಾವು ಇಳಿಯುವುದರಿಂದಲೂ, ಗಿರಾಕಿಗಳು ಆರಾರು ಮಂದಿಯಾಗಿ ಕ್ರಮವಾಗಿ ಬಾರದಿರುವುದರಿಂದಲೂ, ಇದರಲ್ಲಿ ಮೂರನೆಯ ಒಂದು ಪಾಲನ್ನು ಕಳೆದು 24 ಎಂದು ಇಟ್ಟುಕೊಳ್ಳುವುದು ಕ್ಷೇಮ. ನಲವತ್ತು ಪೀಠಗಳು ಒಂದು ಗಂಟೆಯಲ್ಲಿ ಒಮ್ಮೆ ತುಂಬಿ, ಇಬ್ಬರಿಗೊಂದು ಪಿಜ್ಜಾ ಹೋದರೆ ಬೇಕಾದುದು ಇಪ್ಪತ್ತು. ಇದಕ್ಕೂ ಒಂದು ಅಂತಸ್ತೇ ಸಾಕು.

ಆದರೆ ಅದೇ ಸಂಜೆಯಲ್ಲಿ ಪಫ್ಸನ್ನೂ ಬಿಸಿಯಾಗಿ ಕೊಡಬೇಕಾಗಿದೆ. ಪಫ್ಸಿಗೆ 200 ರಿಂದ 220 ಡಿಗ್ರಿ ಬೇಕು. 290ರಲ್ಲಿ ಇಟ್ಟರೆ ಮೇಲೆ ಕಪ್ಪಾಗಿ, ಪದರಗಳು ಒಳಗೆ ಹಸಿಯಾಗಿಯೇ ಉಳಿಯುವುವು. ಕಲ್ಲಿನ ಕಾವನ್ನು ಒಂದೇ ಗಂಟೆಯಲ್ಲಿ ಏರಿಸಿ ಇಳಿಸುತ್ತಿರುವುದು ಸಾಧ್ಯವಾದ ಕೆಲಸವಲ್ಲ. ಎರಡನೆಯ ಅಂತಸ್ತು ಬೇಕಾಗುವುದು ಇಲ್ಲಿಯೇ. ಬೇಕಾಗುವುದು ಮೊತ್ತವು ಹೆಚ್ಚೆಂದಲ್ಲ, ಕಾವು ಎರಡು ಬಗೆಯದೆಂದು. ಮೂರನೆಯ ಅಂತಸ್ತಿಗೆ ಈ ಕುಟುಂಬದಲ್ಲಿ ಕೆಲಸವೇ ಇಲ್ಲ. ಪಫ್ಸನ್ನು ಬಿಟ್ಟುಬಿಡಲು ಮಗನು ಒಪ್ಪಿದರೆ ಒಂದೇ ಅಂತಸ್ತಿನಿಂದ ಆರಂಭಿಸಿ, ವ್ಯಾಪಾರವು ಕುದುರಿದ ಮೇಲೆ ಅದರ ಮೇಲೆಯೇ ಇನ್ನೊಂದನ್ನು ಏರಿಸಬಹುದು. ಹೀಗೆ ಮೇಲೇರಿಸಲು ಬರುವ ಮಾದರಿಯೇ ಅಲ್ಲವೇ ಎಂಬುದನ್ನು ಕೊಳ್ಳುವಾಗಲೇ ಕೇಳಿ, ರಸೀತಿಯ ಮೇಲೆ ಬರೆಯಿಸಿಕೊಳ್ಳತಕ್ಕದ್ದು.

ಸಹಾಯಧನವು ದೊರೆಯುವುದೆಂಬ ಕಾರಣದಿಂದ ದೊಡ್ಡ ಒಲೆಯನ್ನು ಕೊಳ್ಳುವವರೂ ಉಂಟು. 2020ರಲ್ಲಿ ಕೇಂದ್ರ ಸರ್ಕಾರವು ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಅರ್ಹ ಖರ್ಚಿನ ಶೇಕಡ 35ರಷ್ಟನ್ನು, ಹತ್ತು ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಾಲದೊಡನೆ ಸೇರಿಸಿ ಕೊಡುವಂತೆ ಗೊತ್ತುಮಾಡಲಾಯಿತು. ಇಂಥ ನೆರವು ದೊರೆತಲ್ಲಿ ಪಡೆಯುವುದು ಯುಕ್ತವೇ. ಆದರೆ ಉಳಿದ ಶೇಕಡ 65 ಸಾಲಗಾರನದೇ ಎಂಬುದೂ, ಬೇಡದ ಅಂತಸ್ತಿಗೆ ಅರ್ಧ ಬೆಲೆ ಕೊಟ್ಟರೂ ಅದು ನಷ್ಟವೇ ಎಂಬುದೂ ನೆನಪಿನಲ್ಲಿರಬೇಕು.

ವಿದ್ಯುತ್ತೋ, ಗ್ಯಾಸೋ.— ಎರಡು ಟ್ರೇಯ ಒಂದು ಅಂತಸ್ತು ಸಾಮಾನ್ಯವಾಗಿ 6 ರಿಂದ 7 ಕಿಲೋವ್ಯಾಟ್ ವಿದ್ಯುತ್ತನ್ನು ಎಳೆಯುವುದು. ಎರಡು ಅಂತಸ್ತಿಗೆ 13 ಕಿಲೋವ್ಯಾಟಿನ ಸುಮಾರು. ಇದನ್ನು 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಕೊಟ್ಟರೆ 57 ಆಂಪಿಯರ್ ಆಗುವುದು. ವಾಸದ ಮನೆಯ ತಂತಿಯು ಇದನ್ನು ತಾಳಲಾರದು. ಮೂರು ಫೇಸುಗಳಿಗೆ ಹಂಚಿದರೆ ಫೇಸೊಂದಕ್ಕೆ 19 ಆಂಪಿಯರ್ ಮಾತ್ರ. ಆದಕಾರಣ ಬಾಡಿಗೆಯ ಕರಾರಿಗೆ ಸಹಿ ಹಾಕುವುದಕ್ಕೆ ಮುಂಚೆಯೇ ಆ ಮನೆಗೆ ಮೂರು ಫೇಸಿನ ಸಂಪರ್ಕವಿದೆಯೇ, ಮಂಜೂರಾದ ಭಾರವೆಷ್ಟು, ವಾಣಿಜ್ಯದ ದರಕ್ಕೆ ಬದಲಾಯಿಸಲು ಮನೆಯ ಮಾಲೀಕರ ಒಪ್ಪಿಗೆಯಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಈ ಐದು ಜಿಲ್ಲೆಗಳಿಗೆ 2005ರಿಂದ ವಿದ್ಯುತ್ತನ್ನು ಹಂಚುತ್ತಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಯಲ್ಲಿ ಈ ವಿಷಯಗಳನ್ನು ತಿಳಿಯಬಹುದು. ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ನಿಗದಿ ಶುಲ್ಕವುಂಟು. ಒಲೆಯನ್ನು ಹೊತ್ತಿಸದ ತಿಂಗಳಲ್ಲಿಯೂ ಅದನ್ನು ತೆರಬೇಕು. ಬೇಡದ ಮೂರನೆಯ ಅಂತಸ್ತಿನ ಶಿಕ್ಷೆಯು ಹೀಗೆಯೂ ಬರುವುದು.

ಖರ್ಚಿನ ಅಂದಾಜನ್ನು ಯಾರಾದರೂ ಮಾಡಬಹುದು. ಹದಿಮೂರು ಕಿಲೋವ್ಯಾಟಿನ ಒಲೆಯು ಮೊದಲು ಕಾಯುವುದಕ್ಕೆ ಒಂದು ಗಂಟೆ ಪೂರ್ತಿ ಉರಿದರೆ 13 ಯೂನಿಟ್ಟುಗಳು. ಆಮೇಲೆ ಥರ್ಮೋಸ್ಟಾಟು ಕಾವನ್ನು ಆಗಾಗ ನಿಲ್ಲಿಸುತ್ತಿರುವುದರಿಂದ, ಸರಾಸರಿ ಅರ್ಧದಷ್ಟು ಕಾಲ ಉರಿಯುವುದೆಂದು ಹಿಡಿದರೆ ಎಂಟು ಗಂಟೆಗೆ 52. ಒಟ್ಟು ದಿನಕ್ಕೆ 65 ಯೂನಿಟ್ಟುಗಳು. ಗ್ಯಾಸಿನ ಒಲೆಯಾದರೆ ಹೇಗೆ? ಒಂದು ಕಿಲೋಗ್ರಾಂ ಅಡಿಗೆ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲರಿ ಶಾಖವಿರುವುದು. ಒಂದು ಯೂನಿಟ್ ವಿದ್ಯುತ್ತಿನಲ್ಲಿ 860. ಆದರೆ ಗ್ಯಾಸಿನ ಶಾಖದಲ್ಲಿ ಒಂದಷ್ಟು ಹೊಗೆಕೊಳವೆಯ ಮೂಲಕ ಹೊರಟುಹೋಗುವುದು. ಐದರಲ್ಲಿ ಮೂರು ಪಾಲು ಮಾತ್ರ ಉಪಯೋಗಕ್ಕೆ ಬರುವುದೆಂದು ಹಿಡಿದರೆ, ಒಂದು ಕಿಲೋ ಗ್ಯಾಸು ಏಳೂವರೆ ಯೂನಿಟ್ಟುಗಳಿಗೆ ಸಮನಾಗುವುದು. ಹಾಗಾದರೆ ಮೇಲ್ಕಂಡ 65 ಯೂನಿಟ್ಟುಗಳ ಕೆಲಸಕ್ಕೆ ಎಂಟೂವರೆ ಕಿಲೋ ಗ್ಯಾಸು ಬೇಕು. ವಾಣಿಜ್ಯದ 19 ಕಿಲೋ ಸಿಲಿಂಡರೊಂದು ಎರಡು ದಿನಗಳಿಗಿಂತ ತುಸು ಹೆಚ್ಚಾಗಿ ಬರುವುದು. ಊರಿನಲ್ಲಿ ಆಗ ನಡೆಯುತ್ತಿರುವ ದರವನ್ನು ತೆಗೆದುಕೊಂಡು, ಒಂದು ಕಿಲೋ ಗ್ಯಾಸಿನ ಬೆಲೆಯು ಏಳೂವರೆ ಯೂನಿಟ್ಟಿನ ಬೆಲೆಗಿಂತ ಕಡಮೆಯಾಗಿದ್ದರೆ ಗ್ಯಾಸೂ, ಹೆಚ್ಚಾಗಿದ್ದರೆ ವಿದ್ಯುತ್ತೂ ಇಂಧನದ ಮಟ್ಟಿಗೆ ಅಗ್ಗವೆಂದು ತಿಳಿಯಬಹುದು. ದರಗಳು ಬದಲಾಗುತ್ತಿರುವುವಾದರೂ ಈ ಏಳೂವರೆಯ ಲೆಕ್ಕವು ಬದಲಾಗದು.

ಬೆಲೆಯೊಂದೇ ನಿರ್ಣಾಯಕವೂ ಅಲ್ಲ. ಕಾವಿನ ಸಮತೆಯಲ್ಲಿ ವಿದ್ಯುತ್ತಿನ ಒಲೆಯು ಸಾಮಾನ್ಯವಾಗಿ ಮೇಲು. ವಿದ್ಯುತ್ತು ಪದೇ ಪದೇ ನಿಲ್ಲುವ ಸ್ಥಳದಲ್ಲಿ ಗ್ಯಾಸು ಮೇಲು. ಆದರೆ ಈಗಿನ ಗ್ಯಾಸಿನ ಡೆಕ್ ಓವನ್ನುಗಳಲ್ಲಿಯೂ ಕಿಡಿ ಹೊತ್ತಿಸುವುದಕ್ಕೂ ಕಾವನ್ನು ಹತೋಟಿಯಲ್ಲಿಡುವುದಕ್ಕೂ ಸ್ವಲ್ಪ ವಿದ್ಯುತ್ತು ಬೇಕಾಗುವುದರಿಂದ, ಸಣ್ಣದೊಂದು ಇನ್ವರ್ಟರು ಇಲ್ಲದಿದ್ದರೆ ಗ್ಯಾಸಿನ ಒಲೆಯೂ ಕತ್ತಲೆಯಲ್ಲಿ ನಿಂತುಬಿಡುವುದು. ಅಡಿಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೇರಿ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುವುದು. ಆದಕಾರಣ ಸಿಲಿಂಡರುಗಳನ್ನು ನೆಲಮಾಳಿಗೆಯಲ್ಲಾಗಲಿ, ಮೋರಿಯ ಬಾಯಿಯ ಬಳಿಯಲ್ಲಾಗಲಿ ಎಂದಿಗೂ ಇಡಕೂಡದು. ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಟ್ಟು, ಕೊಳವೆಯ ಮೂಲಕ ಒಳಗೆ ತರತಕ್ಕದ್ದು. ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲವನ್ನು ಮುಂದೆ ಪಡೆಯುವ ಆಲೋಚನೆಯಿದ್ದರೆ, ಬರ್ನರಿನ ಜೆಟ್ಟುಗಳನ್ನು ಬದಲಾಯಿಸಬೇಕಾಗುವುದೆಂಬುದನ್ನೂ ತಿಳಿದಿರಬೇಕು.

ಮನೆಯ ಪರೀಕ್ಷೆ.— ಯಾದವಗಿರಿಯ ಹಳೆಯ ಮನೆಯೊಂದರ ಅಡಿಗೆಮನೆಯು ಐದಾರು ಜನರ ಕುಟುಂಬಕ್ಕೆಂದು ಕಟ್ಟಿದ್ದು. ಎರಡು ಟ್ರೇಯ ಒಲೆಯು ನಾಲ್ಕು ಅಡಿಗೆ ಮೇಲ್ಪಟ್ಟು ಅಗಲ, ಮೂರು ಅಡಿಗೆ ಹತ್ತಿರವಾಗಿ ಆಳವುಳ್ಳದ್ದು. ಬಾಗಿಲು ಎರಡೂವರೆ ಅಡಿಯಿದ್ದರೆ ಚೌಕಟ್ಟನ್ನು ಕಿತ್ತಲ್ಲದೆ ಒಳಕ್ಕೆ ಹೋಗದು. ಕಲ್ಲು ಸೇರಿ ಎರಡು ಅಂತಸ್ತುಗಳು ಎರಡು ಮೂರು ಕ್ವಿಂಟಾಲ್ ತೂಗುವುದುಂಟು. ನೆಲವು ಮಟ್ಟವಾಗಿಲ್ಲದಿದ್ದರೆ ಬಾಗಿಲು ಸರಿಯಾಗಿ ಕೂರದೆ ಕಾವು ಸೋರುವುದು. ಹಿಂದುಗಡೆಯೂ ಪಕ್ಕದಲ್ಲಿಯೂ ಗೇಣುದ್ದದ ಜಾಗವನ್ನು, ಮುಂದುಗಡೆ ಟ್ರೇ ಹಿಡಿದವನು ತಿರುಗಲು ನಾಲ್ಕು ಅಡಿಯನ್ನು ಬಿಡಬೇಕು. ಹೊಗೆಕೊಳವೆಯು ನೆರೆಯವರ ಕಿಟಕಿಗೆ ಎದುರಾಗದೆ ಛಾವಣಿಯ ಮೇಲಕ್ಕೆ ಹೋಗಬೇಕು. ನೆರೆಹೊರೆಯ ದೂರಿನಿಂದ ವ್ಯಾಪಾರಕ್ಕೆ ತೊಂದರೆಯು ಬಂದರೆ ಒಲೆಯ ಗುಣವು ರಕ್ಷಿಸಲಾರದು. ನಗರಪಾಲಿಕೆಯ ವ್ಯಾಪಾರ ಪರವಾನಗಿಯನ್ನೂ, 2006ರ ಆಹಾರ ಸುರಕ್ಷತೆಯ ಕಾಯಿದೆಯ ಪ್ರಕಾರ ಆಗಬೇಕಾದ ನೋಂದಣಿ ಅಥವಾ ಪರವಾನಗಿಯನ್ನೂ ಮೊದಲೇ ಪಡೆಯತಕ್ಕದ್ದು.

ಒಲೆಯ ಅಂಗಗಳಲ್ಲಿ ನೋಡತಕ್ಕುವು.— ಹೊರಗಿನ ಉಕ್ಕಿನ ಹೊಳಪು ಏನನ್ನೂ ಹೇಳುವುದಿಲ್ಲ. ಮೊದಲು ಬಾಗಿಲನ್ನು ತೆರೆದು ನೆಲವನ್ನು ನೋಡಬೇಕು. ಅಗ್ಗದ ಒಲೆಗಳಲ್ಲಿ ಅದು ಬರಿಯ ತಗಡು. ಟ್ರೇಯಲ್ಲಿಟ್ಟು ಬೇಯಿಸುವ ಬನ್ನು ಬಿಸ್ಕತ್ತುಗಳಿಗೆ ಅದೇ ಸಾಕು. ಆದರೆ ಪಿಜ್ಜಾವನ್ನೋ ಬ್ರೆಡ್ಡನ್ನೋ ನೇರವಾಗಿ ನೆಲದ ಮೇಲೆ ಬೇಯಿಸತಕ್ಕವರಿಗೆ ಕಲ್ಲೇ ಬೇಕು. ಕಲ್ಲು ತೆಳ್ಳಗಿದ್ದರೆ ಬೇಗ ಕಾದು ಬೇಗ ಸೋಲುವುದು. ದಪ್ಪವಾಗಿದ್ದರೆ ನಿಧಾನವಾಗಿ ಕಾದು, ಒಬ್ಬೆಯ ಮೇಲೆ ಒಬ್ಬೆ ಬಿದ್ದರೂ ತಡೆದುಕೊಳ್ಳುವುದು. ತೆಳ್ಳನೆಯ ಎತ್ತು ಬೇಗ ಹೆಜ್ಜೆ ಹಾಕಿದರೂ ದೂರದ ಗಾಡಿಯನ್ನು ಎಳೆಯದೆಂಬುದನ್ನು ಜಮೀನುದಾರರಿಗೆ ಹೇಳಬೇಕಾದುದಿಲ್ಲ.

ಎರಡನೆಯದಾಗಿ ಗೋಡೆ. ಒಂದು ಕಿಲೋ ನಾದಿದ ಹಿಟ್ಟನ್ನು 30 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಿ, ಅದರ ತೂಕದಲ್ಲಿ ಹತ್ತರಲ್ಲೊಂದು ಪಾಲನ್ನು ಆವಿಯಾಗಿ ಕಳೆಯುವುದಕ್ಕೆ ಬೇಕಾದ ಶಾಖವು ಒಂದು ಯೂನಿಟ್ಟಿನ ಒಂಬತ್ತನೆಯ ಒಂದು ಪಾಲು ಮಾತ್ರ. ವಾಸ್ತವದಲ್ಲಿ ಖರ್ಚಾಗುವುದು ಇದರ ಹಲವು ಪಟ್ಟು. ಹೆಚ್ಚಿನದೆಲ್ಲವೂ ಗೋಡೆಯಿಂದಲೂ, ಬಾಗಿಲಿನಿಂದಲೂ, ಬರಿದಾಗಿ ಉರಿಯುವ ಹೊತ್ತಿನಿಂದಲೂ ಪೋಲಾಗುವುದು. ಒಲೆಯನ್ನು 250 ಡಿಗ್ರಿಗೆ ಕಾಯಿಸಿ, ಒಂದು ಗಂಟೆ ಬಿಟ್ಟು, ಪಕ್ಕದ ಗೋಡೆಗೆ ಮೊದಲು ಬೆರಳ ತುದಿಯನ್ನು ಸೋಕಿಸಿ, ಆಮೇಲೆ ಅಂಗೈಯನ್ನು ಇಟ್ಟು ನೋಡತಕ್ಕದ್ದು. ಬೆಚ್ಚಗಿದ್ದರೆ ಒಳಗಿನ ನಾರುಹತ್ತಿಯ ಹೊದಿಕೆಯು ಸರಿಯಾಗಿದೆ. ಕೈಯನ್ನು ಥಟ್ಟನೆ ಎಳೆದುಕೊಳ್ಳುವಂತಿದ್ದರೆ ಆ ಕಾವಿಗೆಲ್ಲ ಕೊಳ್ಳುವವನೇ ಪ್ರತಿದಿನವೂ ಹಣ ತೆರುತ್ತಿರುವನು. ಬಾಗಿಲಿನ ಸಂದಿನಲ್ಲಿ ಕಾಗದದ ಚೂರೊಂದನ್ನಿಟ್ಟು ಮುಚ್ಚಿ ಎಳೆದರೆ, ಅದು ಸರಾಗವಾಗಿ ಬಾರದಿರಬೇಕು. ಈ ಪರೀಕ್ಷೆಯನ್ನು ಒಲೆಯು ತಣ್ಣಗಿರುವಾಗಲೇ ಮಾಡತಕ್ಕದ್ದು.

ಮೂರನೆಯದಾಗಿ ಹೀಟರ್ ಕಾಯಿಲುಗಳು. ಇವು ಎಂದಾದರೊಂದು ದಿನ ಸುಟ್ಟುಹೋಗತಕ್ಕವೇ. ಮುಂದುಗಡೆಯಿಂದಲೋ ಪಕ್ಕದಿಂದಲೋ ತೆಗೆಯಲು ಬರುವುವೇ, ಅಥವಾ ಒಲೆಯನ್ನೆಲ್ಲ ಬಿಚ್ಚಬೇಕೇ, ಅದೇ ಅಳತೆಯ ಕಾಯಿಲು ಮೈಸೂರಿನಲ್ಲಿಯೇ ದೊರೆಯುವುದೇ, ಬಂದು ಹಾಕುವವರಾರು ಎಂಬುದನ್ನು ವಿಚಾರಿಸದೆ ಮುಂಗಡವನ್ನು ಕೊಡಕೂಡದು. ದಸರೆಯ ವಾರದಲ್ಲಿ ಕಾಯಿಲು ಸುಟ್ಟು, ಬದಲಿಯು ಹೊರರಾಜ್ಯದಿಂದ ಬರಬೇಕಾದರೆ, ವರ್ಷದ ಲಾಭವು ಆ ಎಂಟು ದಿನಗಳಲ್ಲಿಯೇ ಕರಗುವುದು. ಆವಿಯನ್ನು ಚಿಮ್ಮಿಸುವ ಏರ್ಪಾಡನ್ನು ವ್ಯಾಪಾರಿಗಳು ಬಹಳವಾಗಿ ಹೊಗಳುವರು. ಗಟ್ಟಿ ಹೊರಪದರದ ಪರದೇಶದ ಬ್ರೆಡ್ಡಿಗೆ ಅದು ಅವಶ್ಯ. ಬನ್ನಿಗೂ ಪಫ್ಸಿಗೂ ಪಿಜ್ಜಾಗೂ ಬೇಕಿಲ್ಲ.

ಬೇಯಿಸಿ ನೋಡುವ ಪರೀಕ್ಷೆ.— ಎತ್ತನ್ನು ಕೊಳ್ಳುವಾಗ ಹಲ್ಲನ್ನು ನೋಡಿದರೆ ಸಾಲದು, ನೊಗಕ್ಕೆ ಕಟ್ಟಿಯೇ ನೋಡುವರು. ಒಲೆಯನ್ನೂ ಹಾಗೆಯೇ, ವ್ಯಾಪಾರಿಯ ಅಂಗಡಿಯಲ್ಲಿಯೋ, ಅದೇ ಮಾದರಿಯನ್ನು ಉಪಯೋಗಿಸುತ್ತಿರುವ ಇನ್ನೊಂದು ಹೋಟೆಲಿನಲ್ಲಿಯೋ, ಬೇಯಿಸಿ ನೋಡಿಯೇ ಕೊಳ್ಳತಕ್ಕದ್ದು. ಒಂದೇ ದಪ್ಪಕ್ಕೆ ಕೊಯ್ದ ಬ್ರೆಡ್ಡಿನ ಹೋಳುಗಳನ್ನು ನೆಲದ ತುಂಬ ಸಾಲಾಗಿ ಹಾಸಿ, 220 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟು, ಇಟ್ಟ ಕ್ರಮದಲ್ಲಿಯೇ ಹೊರತೆಗೆದು ಮೇಜಿನ ಮೇಲೆ ಜೋಡಿಸಿದರೆ, ಎಲ್ಲಿ ಕಾವು ಹೆಚ್ಚು, ಎಲ್ಲಿ ಕಡಮೆ ಎಂಬುದು ಹೊಲದ ನಕ್ಷೆಯಂತೆ ಕಣ್ಣಿಗೆ ಕಾಣುವುದು. ಬಾಗಿಲಿನ ಬಳಿ ಸ್ವಲ್ಪ ಬಿಳುಪಾಗಿರುವುದು ಎಲ್ಲ ಒಲೆಗಳಿಗೂ ಸಹಜ. ಒಂದು ಮೂಲೆಯು ಕಪ್ಪಾಗಿ ಇನ್ನೊಂದು ಬೆಳ್ಳಗೇ ಉಳಿದರೆ ಆ ಒಲೆಯನ್ನು ಬಿಡಬೇಕು. ಮೊದಲನೆಯ ಒಬ್ಬೆಯು ಎಲ್ಲ ಒಲೆಗಳಲ್ಲಿಯೂ ಚೆನ್ನಾಗಿಯೇ ಬರುವುದು. ನೋಡಬೇಕಾದುದು ಬಿಡುವಿಲ್ಲದೆ ಹಾಕಿದ ಮೂರನೆಯ ಒಬ್ಬೆಯ ತಳವನ್ನು. ಅದು ಮೊದಲನೆಯದರಷ್ಟೇ ಬೆಂದಿದ್ದರೆ ಕಲ್ಲೂ ಕಾಯಿಲೂ ಸಮರ್ಥವಾಗಿವೆ. ಅಂಕಿಯನ್ನು ತೋರಿಸುವ ಫಲಕವನ್ನು ಪೂರ್ತಿಯಾಗಿ ನಂಬಲಾಗದು. ಅದು ಗೂಡಿನೊಳಗಿನ ಒಂದು ಸ್ಥಳದ ಕಾವನ್ನು ಮಾತ್ರ ಹೇಳುವುದು, ಕಲ್ಲಿನ ಕಾವನ್ನಲ್ಲ.

ಈ ಪರೀಕ್ಷೆಗೆ ತಮ್ಮ ಮನೆಯ ರಾಗಿಯ ಹಿಟ್ಟನ್ನೇ ಒಯ್ಯಬೇಕೆಂಬುದಕ್ಕೆ ವಿಶೇಷವಾದ ಕಾರಣವುಂಟು. ರಾಗಿಯಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಆದುದರಿಂದ ಉಬ್ಬಬೇಕಾದ ಬನ್ನಿಗೆ ಗೋಧಿಯ ಹಿಟ್ಟೇ ಹೆಚ್ಚಾಗಿದ್ದು, ರಾಗಿಯು ನಾಲ್ಕರಲ್ಲೊಂದು ಪಾಲಿನ ಸುಮಾರಾಗಿರುವುದು ವಾಡಿಕೆ. ರಾಗಿಯು ನೀರನ್ನು ಹೆಚ್ಚಾಗಿ ಹೀರುವುದರಿಂದ ಇಂಥ ಬನ್ನು ಒಳಗೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದು. ಕಾವನ್ನು ಹತ್ತಿಪ್ಪತ್ತು ಡಿಗ್ರಿ ಇಳಿಸಿ, ಸಮಯವನ್ನು ಎರಡು ಮೂರು ನಿಮಿಷ ಏರಿಸಬೇಕಾಗುವುದು. ಇದಕ್ಕಿಂತಲೂ ಮುಖ್ಯವಾದುದೊಂದುಂಟು. ಮೈದಾದ ಬನ್ನು ಬೆಂದಿತೆಂಬುದನ್ನು ಅದರ ಹೊಂಬಣ್ಣವೇ ಹೇಳುವುದು. ರಾಗಿಯ ಉಂಡೆಯು ಹಸಿಯಾಗಿದ್ದಾಗಲೂ ಕಂದು, ಬೆಂದಾಗಲೂ ಕಂದು. ಬಣ್ಣವನ್ನು ನಂಬಿದ ಬೇಕರಿಯವನು ಇಲ್ಲಿ ಮೋಸ ಹೋಗುವನು. ಕಡ್ಡಿಯಂಥ ಥರ್ಮಾಮೀಟರನ್ನು ಬನ್ನಿನ ನಡುವಿಗೆ ಚುಚ್ಚಿ 93 ರಿಂದ 95 ಡಿಗ್ರಿ ಬಂದಿತೇ ಎಂದು ನೋಡುವುದೇ ಸರಿಯಾದ ಮಾರ್ಗ. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲೆ ಇರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಸುಮಾರಿನಲ್ಲಿಯೇ ಕುದಿಯುವುದು. ಬೇರೆ ದೇಶದ ಪುಸ್ತಕಗಳಲ್ಲಿ ಬರೆದಿರುವ 98, 99 ಡಿಗ್ರಿಗಳನ್ನು ಕಾಯುತ್ತ ಕುಳಿತರೆ ಬನ್ನು ಒಣಗಿ ಹೋಗುವುದೇ ಹೊರತು ಆ ಅಂಕಿಯು ಬಾರದು. ಮಂಡ್ಯದ ವಿ.ಸಿ. ಫಾರಂನಲ್ಲಿ ತಯಾರಾದ ಕೆ.ಎಂ.ಆರ್. 340 ಎಂಬ ಬಿಳಿ ರಾಗಿಯನ್ನು ಬೆಳೆಯುವವರಿಗೆ ಈ ಬಣ್ಣದ ತೊಡಕು ಅಷ್ಟಾಗಿ ಇಲ್ಲ. ಬೇಕರಿಯ ಕೆಲಸಕ್ಕೆಂದೇ ಒಂದೆರಡು ಎಕರೆಯಲ್ಲಿ ಅದನ್ನು ಬಿತ್ತಿ ನೋಡುವುದು ಯೋಗ್ಯ.

ಒಲೆಯನ್ನು ಕೊಳ್ಳುವುದಕ್ಕೆ ಮುಂಚೆ ಅದರ ಮುಂದೆ ನಿಲ್ಲತಕ್ಕ ಮಗನಿಗೆ ಕೆಲಸವನ್ನು ಕಲಿಸುವುದು ಲೇಸು. ಯಾದವಗಿರಿಗೆ ಸಮೀಪದಲ್ಲಿಯೇ, ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಚೆಲುವಾಂಬ ವಿಲಾಸದಲ್ಲಿ, 1950ರ ಅಕ್ಟೋಬರ್ ತಿಂಗಳಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಹಿಟ್ಟು ಬೀಸುವಿಕೆಗೂ ಬೇಕರಿ ಕೆಲಸಕ್ಕೂ ಅಲ್ಲಿ ಪ್ರತ್ಯೇಕವಾದ ವಿಭಾಗವಿದ್ದು, ಅಲ್ಪಾವಧಿಯ ಶಿಕ್ಷಣವನ್ನೂ ಕೊಡುತ್ತ ಬಂದಿದ್ದಾರೆ. ಹೋಟೆಲಿಗಾಗಿ ಮೈಸೂರಿನಲ್ಲಿ ಮನೆ ಹಿಡಿಯಲು ಹೊರಟವರು ಹತ್ತಿರದಲ್ಲಿಯೇ ಇರುವ ಈ ಅನುಕೂಲವನ್ನು ಬಿಟ್ಟು ವ್ಯಾಪಾರಿಯ ಮಾತಿನಿಂದಲೇ ವಿದ್ಯೆಯನ್ನು ಕಲಿಯಲು ಹೋಗುವುದು ಆಶ್ಚರ್ಯ.

ಹಳೆಯ ಒಲೆಗಳೂ ಮಾರಾಟಕ್ಕೆ ಬರುವುದುಂಟು. ಮುಚ್ಚಿಹೋದ ಹೋಟೆಲಿನ ಒಲೆಯು ಅರ್ಧ ಬೆಲೆಗೆ ದೊರೆತರೆ ಅದನ್ನು ತಿರಸ್ಕರಿಸಬೇಕಾದುದಿಲ್ಲ. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಒಂದನ್ನೂ ಬಿಡದೆ ಮಾಡಿ, ಕಲ್ಲಿನಲ್ಲಿ ಸೀಳಿದೆಯೇ, ಬಾಗಿಲಿನ ಸ್ಪ್ರಿಂಗು ಸಡಿಲವಾಗಿದೆಯೇ, ತಂತಿಗಳ ಹೊದಿಕೆಯು ಸುಟ್ಟಿದೆಯೇ ಎಂದು ವಿದ್ಯುತ್ ಕೆಲಸ ಬಲ್ಲವರಿಂದ ನೋಡಿಸಿ ತೆಗೆದುಕೊಳ್ಳಬಹುದು.

ಒಲೆಯು ಮನೆಗೆ ಬಂದ ದಿನವೇ ಅದನ್ನು ಪೂರ್ಣ ಕಾವಿಗೆ ಏರಿಸಕೂಡದು. ಹೊಸ ಕಲ್ಲು ಗಾಳಿಯ ತೇವವನ್ನು ಹೀರಿಕೊಂಡಿರುವುದರಿಂದ ಒಮ್ಮೆಗೇ ಕಾಯಿಸಿದರೆ ಸೀಳುವುದು. ಬರಿಯ ಒಲೆಯನ್ನು 100 ಡಿಗ್ರಿಯಲ್ಲಿ ಒಂದೆರಡು ಗಂಟೆ, 150ರಲ್ಲಿ ಒಂದು ಗಂಟೆ, 200ರಲ್ಲಿ ಒಂದು ಗಂಟೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಬಾಗಿಲನ್ನು ಆಗಾಗ ತೆರೆದು ಆವಿಯನ್ನು ಬಿಡುತ್ತ ಕಾಯಿಸಿ, ತಾನಾಗಿಯೇ ತಣಿಯಲು ಬಿಡತಕ್ಕದ್ದು. ಮೊದಲ ದಿನ ಸ್ವಲ್ಪ ಹೊಗೆಯೂ ಎಣ್ಣೆಯ ವಾಸನೆಯೂ ಬರುವುದು. ಅದು ಆರುವವರೆಗೆ ತಿಂಡಿಯನ್ನು ಒಳಗಿಡಬಾರದು. ಮುಂದೆಯೂ ಕಲ್ಲನ್ನು ಒಣ ಬ್ರಷ್ಷಿನಿಂದ ಗುಡಿಸಬೇಕಲ್ಲದೆ, ಬಿಸಿಯಾಗಿರುವಾಗ ಒದ್ದೆಯ ಬಟ್ಟೆಯನ್ನು ಸೋಕಿಸಕೂಡದೆಂದು ಕೆಲಸದ ಹುಡುಗರಿಗೆ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿಡಬೇಕು.